ಲೆನ್ಸಿನ ಸಾಲಾವಳಿ

ನಮ್ಮ ಷಡ್ಡಕರ ಮಗಳಿಗೆ ಗಂಡು ಗೊತ್ತಾಗಿದ್ದು ಒಂದೇ ಸಂಜೆಯಲ್ಲಿ. ಉಪ್ಪಿಟ್ಟು, ಕೇಸರಿಬಾತು ಮುಗಿಯುವಷ್ಟರಲ್ಲಿ ಎರಡೂ ಕಡೆಯವರು ತಲೆಯಾಡಿಸಿ ಆಗಿತ್ತು. ಹುಡುಗನ ಕೆಲಸ ಏನು, ಕೋಪ ಜಾಸ್ತಿಯಾ, ಕುಡೀತಾನಾ ಅಂತ ಯಾರೂ ಕೆದಕಲಿಲ್ಲ. ಆದರೆ ಫೋಟೋಗ್ರಾಫರ್ ಗೊತ್ತಾಗಲು ನಾಲ್ಕು ಭಾನುವಾರ ಹಿಡಿಯಿತು.

"ಗಂಡಿನದೇನು ಬಿಡ್ರೀ, ಹೆಚ್ಚುಕಮ್ಮಿ ಆದ್ರೆ ಹೊಂದ್ಕೊಂಡು ಹೋಗ್ತಾರೆ. ಫೋಟೋ ಕೆಟ್ರೆ ಏನ್ಮಾಡೋದು?" ಅಂದರು ಷಡ್ಡಕರು. ತಮಾಷೆಗೆ ಹೇಳಿದರೇನೋ ಅಂತ ಮುಖ ನೋಡಿದೆ. ಅಲ್ಲ.

ಮೊದಲ ಮೂರು ಭಾನುವಾರ ಬಂದವರು ತಮ್ಮ ಕೆಲಸ ತೋರಿಸಿದರು. ಚೆನ್ನಾಗಿಯೇ ಇತ್ತು. ಒಬ್ಬನಂತೂ ಮಗಳನ್ನು ಕಳಿಸಿಕೊಡುವ ಹೊತ್ತಿನ ಒಂದು ಚಿತ್ರ ತೋರಿಸಿದ, ನನಗೇ ಗಂಟಲು ಕಟ್ಟಿತು. ಷಡ್ಡಕರು ಕಣ್ಣೊರೆಸಿಕೊಂಡು ಕೇಳಿದರು: "ಯಾವ ಕ್ಯಾಮೆರಾ?" ಆತ ಹೇಳಿದ. "ಹಳೇ ಮಾಡೆಲ್ಲು" ಅಂತ ಕಾಫಿ ಕೊಟ್ಟು ಕಳಿಸಿದರು.

ನಾಲ್ಕನೇ ಭಾನುವಾರದ ಹುಡುಗ ಬುದ್ಧಿವಂತ. ಫೋಟೋ ತರಲೇ ಇಲ್ಲ. ಗಾಲಿ ಇದ್ದ ಪೆಟ್ಟಿಗೆ ತಳ್ಳಿಕೊಂಡು ಬಂದ. ಒಡವೆ ಅಂಗಡಿಯವರು ಟ್ರೇ ಬಿಚ್ಚುವ ಹಾಗೆ ಅದನ್ನು ಬಿಚ್ಚಿ, ಒಂದೊಂದೇ ಲೆನ್ಸ್ ತೆಗೆದು ಟೀಪಾಯ್ ಮೇಲೆ ಸಾಲಾಗಿ ಇಟ್ಟ. ಲೆನ್ಸಿನ ಹೆಸರೇ ಅದರ ಮಿಲಿಮೀಟರ್ ಅಂಕೆ, ಅಂಕೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. 35. 85. 24-70. ಕೊನೆಗೆ ಎರಡೂ ಕೈಯಲ್ಲಿ ಹಿಡಿದು 70-200. ಅತ್ತಿಗೆ ಕೈಯೊಡ್ಡಿ ತೂಗಿ ನೋಡಿದರು. ಒಂದೂವರೆ ಕೆಜಿ ಹತ್ತಿರ ಬರುತ್ತದೆ ಅಂದ ಹುಡುಗ. ಅತ್ತಿಗೆಯ ಮುಖ ಅರಳಿತು. ತೂಕ ಅಂದರೆ ಅವರಿಗೆ ಅರ್ಥವಾಗುತ್ತದೆ.

"ಬೀಗರ ಮನೆ ಮದುವೇಲಿ ಕಪ್ಪಗಿತ್ತು. ಇದು ಬೆಳ್ಳಗಿದೆ, ಇದೇ ಇರ್ಲಿ" ಅಂದರು.

ಉದ್ದ ಲೆನ್ಸಿಗೆ ಕೆಲವು ಕಂಪನಿಯವರು ಬಿಳಿ ಬಣ್ಣ ಬಳಿಯುವುದು ಬಿಸಿಲಿಗೆ ಕಾಯದಿರಲಿ ಅಂತ. ಎಸಿ ಹಾಕಿದ ಛತ್ರದಲ್ಲಿ ಅದು ಯಾವ ಬಿಸಿಲಿಗೆ ಹೆದರಬೇಕೋ ಗೊತ್ತಿಲ್ಲ. ಅಂತೂ ಹೆಣ್ಣಾಯಿತು, ಗಂಡಾಯಿತು, ಈಗ ಲೆನ್ಸೂ ಬೆಳ್ಳಗಿರಬೇಕು.

ಆಮೇಲೆ ಗೋತ್ರ ವಿಚಾರಣೆ. ಕೆನಾನ್, ನಿಕಾನ್, ಸೋನಿ ಅಂತ ಮೂರು ದೊಡ್ಡ ಮನೆತನ. ಮನುಷ್ಯರಲ್ಲಿ ಸಗೋತ್ರ ಮದುವೆ ಕೂಡದು. ಕ್ಯಾಮೆರಾದಲ್ಲಿ ಉಲ್ಟಾ, ಸಗೋತ್ರವೇ ಆಗಬೇಕು. ಒಬ್ಬರ ಲೆನ್ಸ್ ಇನ್ನೊಬ್ಬರ ಕ್ಯಾಮೆರಾಕ್ಕೆ ಕೂರುವುದಿಲ್ಲ. ತೀರಾ ಬೇಕೇ ಬೇಕು ಅಂದರೆ ಅಡಾಪ್ಟರ್ ಹಾಕಬಹುದು, ಅದು ರಿಜಿಸ್ಟರ್ ಮದುವೆ ಇದ್ದ ಹಾಗೆ. ನಡೆಯುತ್ತದೆ, ಆದರೆ ಹಿರಿಯರು ಮುಖ ಸಿಂಡರಿಸುತ್ತಾರೆ. ಇನ್ನು ಸಿಗ್ಮಾ, ಟ್ಯಾಮ್ರಾನ್ ಅಂತ ಲೆನ್ಸ್ ಮಾಡುವ ಕಂಪನಿಗಳಿವೆ. ಹಲವು ಗೋತ್ರದವರಿಗೆ ಹೆಣ್ಣು ಕೊಟ್ಟು ಎಲ್ಲರ ಮನೆಯಲ್ಲೂ ಊಟ ಮಾಡುವ ಉದಾರ ಜನ.

ಷಡ್ಡಕರು ಕನ್ನಡಕ ಏರಿಸಿ ಮುಖ್ಯ ಪ್ರಶ್ನೆ ಕೇಳಿದರು. "ಫುಲ್ ಫ್ರೇಮಾ?"

"ಹೌದು ಅಂಕಲ್. ಒಳಗೆ ಚಿತ್ರ ಹಿಡಿಯೋ ಸೆನ್ಸರ್ 36 ಮಿಲಿಮೀಟರ್ ಅಗಲ, 24 ಎತ್ತರ."

"ಮೂವತ್ತಾರಕ್ಕೆ ಇಪ್ಪತ್ನಾಲ್ಕಾ!" ಷಡ್ಡಕರು ಕುರ್ಚಿಯ ತುದಿಗೆ ಬಂದರು. "ನಮ್ಮ ಹುಡುಗ ಹುಡುಗೀದು ಹತ್ತೊಂಬತ್ತು ಗುಣ ಬಂದಿದ್ದಕ್ಕೇ ಜೋಯಿಸರು ಅಡ್ಡಿಯಿಲ್ಲ ಅಂದ್ರು."

ಅಲ್ಲಿಗೆ ಸಾಲಾವಳಿ ಕೂಡಿತು. ಎಲೆ ಅಡಿಕೆ ಬದಲಾಯಿಸುವುದೊಂದು ಬಾಕಿ.

ಇಷ್ಟಕ್ಕೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಹುಡುಗ ಹೋಗುವ ಮೊದಲು 85ರ ಲೆನ್ಸ್ ಎತ್ತಿ ಹಿಡಿದು ದನಿ ತಗ್ಗಿಸಿ ಹೇಳಿದ: "ಇದು ಎಫ್ 1.2 ಅಂಕಲ್." ಎಫ್ ಅಂದರೆ ಲೆನ್ಸಿನ ಬಾಯಿಯ ಅಳತೆ, ಅಂಕೆ ಸಣ್ಣದಾದಷ್ಟೂ ಬಾಯಿ ದೊಡ್ಡದು. ಎರಡು ಲಕ್ಷ ದಾಟಿದ ಗಾಜು. ಅದರ ಗುಣ ಏನು ಅಂದರೆ, ಬಾಯಿ ಪೂರ್ತಿ ತೆರೆದರೆ ಬೆಳಕು ಸಿಕ್ಕಾಪಟ್ಟೆ ಒಳಗೆ ಬರುತ್ತದೆ, ಮತ್ತು ನೋಡಬೇಕಾದ್ದು ಬಿಟ್ಟು ಉಳಿದದ್ದೆಲ್ಲ ಮಸುಕಾಗುತ್ತದೆ. ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 4 ಸೆಂಟಿಮೀಟರ್. ಆ 4 ಸೆಂಟಿಮೀಟರಿನಲ್ಲಿ ಮದುಮಗಳ ರೆಪ್ಪೆ ಹಿಡಿಸುತ್ತದೆ. ಮೂಗುತಿ ಹಿಡಿಸಿದರೆ ಪುಣ್ಯ. ಜುಮುಕಿ ಹಿಡಿಸುವುದಿಲ್ಲ. ಮದುಮಗ ಒಂದು ಹೆಜ್ಜೆ ಹಿಂದೆ ನಿಂತಿದ್ದರೆ ಅವನು ಮದುವೆಗೆ ಬಂದಿದ್ದ ಅನ್ನುವುದಕ್ಕೆ ಬೇರೆ ಸಾಕ್ಷಿ ಒದಗಿಸಬೇಕು.

ಒಂದು ಲೆಕ್ಕ ಹಾಕಿ. ಮಂಟಪಕ್ಕೆ ಹೂವಿನ ಅಲಂಕಾರ ಮಾಡಿಸಲು ಲಕ್ಷಗಟ್ಟಲೆ. ಒಡವೆಗೆ ಅದರ ಹತ್ತು ಪಟ್ಟು. ಇಷ್ಟೆಲ್ಲ ಮಾಡಿಸಿ, ಅದು ಕಾಣದ ಹಾಗೆ ಮಾಡುವ ಲೆನ್ಸಿಗೆ ಮತ್ತೆ ದುಡ್ಡು. ಹಿಂದೆ ಏನೂ ಕಾಣಬಾರದು ಅಂತಿದ್ದರೆ ಒಂದು ಪಂಚೆ ಕಟ್ಟಿದರೆ ಸಾಕಿತ್ತಲ್ವಾ ಅಂದೆ. ಹುಡುಗ ನನ್ನನ್ನು ಕರುಣೆಯಿಂದ ನೋಡಿದ. "ಇದಕ್ಕೆ ಬೊಕೆ ಅಂತಾರೆ ಸಾರ್."

ಬೊಕೆ ಜಪಾನಿ ಪದ. ಮಸುಕು ಅಂತ ಅರ್ಥ. ವಯಸ್ಸಾಗಿ ತಲೆ ಮಂಕಾಗುವುದಕ್ಕೂ ಅಲ್ಲಿ ಅದೇ ಮಾತು ಹೇಳುತ್ತಾರೆ. ನಮ್ಮಲ್ಲಿ ಬೊಕೆ ಅಂದರೆ ಪ್ಲಾಸ್ಟಿಕ್ ಕಾಗದ ಸುತ್ತಿದ ಹೂವಿನ ಕಟ್ಟು. ಲಗ್ನಪತ್ರಿಕೆಯ ಕೊನೆ ಸಾಲಿನಲ್ಲಿ ಷಡ್ಡಕರು ಕೈಜೋಡಿಸಿ ಅಚ್ಚು ಹಾಕಿಸಿದ್ದರು: "ದಯವಿಟ್ಟು ಬೊಕೆ, ಉಡುಗೊರೆ ಬೇಡ. ಆಶೀರ್ವಾದವೇ ಉಡುಗೊರೆ." ನೆಂಟರು ಇನ್ನೂರು ರೂಪಾಯಿಯ ಬೊಕೆ ತರಬಾರದು. ಫೋಟೋಗ್ರಾಫರ್ ಎರಡು ಲಕ್ಷದ್ದು ತರಬಹುದು.

ನನ್ನ ಮದುವೆ 1993ರಲ್ಲಿ. ಫಿಲಂ ರೋಲಿಗೆ 36 ಚಿತ್ರದಂತೆ ಮೂರು ರೋಲು, ಒಟ್ಟು 108. ಅಷ್ಟೋತ್ತರ ಮುಗಿಯಿತು ಅಂದರೆ ಮುಗಿಯಿತು. ನಮ್ಮೂರಿನ ಸ್ಟುಡಿಯೋದವರಿಗೆ ಯಾರನ್ನು ಎಷ್ಟು ಸಲ ತೆಗೆಯಬೇಕು ಅನ್ನುವ ಪಕ್ಕಾ ಲೆಕ್ಕ ಇತ್ತು. ಹತ್ತಿರದವರಿಗೆ ಫಿಲಂ. ದೂರದ ನೆಂಟರು ವೇದಿಕೆ ಹತ್ತಿದರೆ ಸುಮ್ನೆ ಖಾಲಿ ಫ್ಲ್ಯಾಶ್. ಅವರೂ ತೃಪ್ತಿಯಿಂದ ಇಳಿದು ಊಟಕ್ಕೆ ಹೋಗುತ್ತಿದ್ದರು. ನಮ್ಮ ಆಫೀಸಿನ ಹೆಡ್ ಕ್ಲರ್ಕು ಅಂಥ ಫ್ಲ್ಯಾಶಿಗೆ ಹೆಂಡತಿ ಮಕ್ಕಳ ಸಮೇತ ಎರಡು ಸಲ ಹಲ್ಲು ಬಿಟ್ಟು ಹೋಗಿದ್ದರು. ಆಲ್ಬಮ್ಮಿನಲ್ಲಿ ತಮ್ಮನ್ನು ಹುಡುಕಿ ಹುಡುಕಿ, ಆಮೇಲೆ ಆರು ತಿಂಗಳು ನನ್ನ ರಜೆ ಚೀಟಿಗೆ ಸಹಿ ಹಾಕಲಿಲ್ಲ. ಈಗಿನ ಕ್ಯಾಮೆರಾ ಸೆಕೆಂಡಿಗೆ 20 ಚಿತ್ರ ಹೊಡೆಯುತ್ತದೆ. ಅಂದರೆ ಸಹಸ್ರನಾಮ 50 ಸೆಕೆಂಡಿನಲ್ಲಿ ಮುಗಿಯುತ್ತದೆ. ಮದುಮಗ ಕಾಶಿಯಾತ್ರೆಗೆ ಛತ್ರಿ ಬಿಚ್ಚುವಷ್ಟರಲ್ಲಿ ಎರಡು ಸಾವಿರ.

ಮದುವೆಗೆ ಮುಂಚೆ ಪ್ರಿ ವೆಡ್ಡಿಂಗ್ ಶೂಟ್ ಇತ್ತು. ಅದನ್ನು ಬಿಡಿಸಿ ಹೇಳುವುದು ಬೇಡ. ಕೆರೆ, ಕೋಟೆ, ಹಳೇ ಅಂಬಾಸಿಡರ್ ಕಾರು, ಹೊಗೆ. ಇಷ್ಟಕ್ಕೇ ನಿಂತರಲ್ಲ ಅಂತ ಸಮಾಧಾನ. ಯಾಕೆಂದರೆ 2024ರ ಫೆಬ್ರವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆ ವೈದ್ಯರೊಬ್ಬರು ಆಪರೇಷನ್ ಥಿಯೇಟರಿನೊಳಗೇ ಸುಳ್ಳು ಆಪರೇಷನ್ ಮಾಡುತ್ತಾ ಶೂಟ್ ಮಾಡಿಸಿಕೊಂಡರು. ವಿಡಿಯೋ ಊರೆಲ್ಲ ಸುತ್ತಿತು, ಕೆಲಸ ಹೋಯಿತು. ಈ ಸುದ್ದಿ ಹೇಳಿ ನಮ್ಮ ಕ್ಯಾಮೆರಾ ಹುಡುಗನಿಗೆ ಬುದ್ಧಿ ಕಲಿಸೋಣ ಅಂತ ಹೋದೆ. ಅವನು ಕಣ್ಣರಳಿಸಿ, "ಆದ್ರೂ ಸಾರ್, ಅಲ್ಲಿ ನೆರಳೇ ಬೀಳದ ಲೈಟ್ ಇರತ್ತೆ" ಅಂದ.

ಈಗ ಮುಹೂರ್ತಕ್ಕೆ ಬರೋಣ. ಹಾಸನದ ಒಂದು ಛತ್ರ. ನಾನು ಮೂರನೇ ಸಾಲಿನಲ್ಲಿ, ಕೈಯಲ್ಲಿ ಅಕ್ಷತೆ. ಮಂತ್ರ ಏರಿತು. ಅಂತರಪಟ ಇಳಿಯಿತು. ಮದುಮಕ್ಕಳು ಜೀರಿಗೆ ಬೆಲ್ಲ ಎತ್ತಿದರು ಅಂತ ಕಾಣುತ್ತದೆ. ಕಾಣುತ್ತದೆ ಅಂತ ಯಾಕೆ ಅಂದೆ ಅಂದರೆ, ಗಂಡು ಹೆಣ್ಣಿನ ನಡುವಿನ ಪಟ ಇಳಿದ ಕ್ಷಣಕ್ಕೇ ಅವರಿಗೂ ನಮಗೂ ನಡುವೆ ಇನ್ನೊಂದು ಪಟ ಎದ್ದಿತು. ಏಳು ಬೆನ್ನುಗಳ ಪಟ. ಸಾಲಾಗಿ ನಿಲ್ಲಿಸಿ ತೆಗೆಯುವ ಟ್ರೆಡಿಷನಲ್ ಇಬ್ಬರು, ಗೊತ್ತಾಗದ ಹಾಗೆ ತೆಗೆಯುವ ಕ್ಯಾಂಡಿಡ್ ಇಬ್ಬರು, ಇಬ್ಬರು ವಿಡಿಯೋ, ಒಬ್ಬ ಲೈಟ್ ಹಿಡಿದವನು. ಮಧ್ಯಾಹ್ನದವರೆಗೂ ಆ ಪಟ ಇಳಿಯಲಿಲ್ಲ.

70-200 ಇರುವುದೇ ದೂರದಲ್ಲಿ ನಿಂತು ತೆಗೆಯಲು. ಮೂರನೇ ಸಾಲಿನಲ್ಲಿ ನನ್ನ ಪಕ್ಕ ಕೂತೇ ಮದುಮಗಳ ಮೂಗುತಿ ತೆಗೆಯಬಹುದು. ಅದನ್ನು ಕಂಡುಹಿಡಿದವರು ಆ ಉದ್ದೇಶಕ್ಕೇ ಅಷ್ಟು ಗಾಜು ತುರುಕಿದ್ದು. ಆದರೆ ಅಷ್ಟು ದುಡ್ಡಿನ ಲೆನ್ಸ್ ಹಿಡಿದು ಹಿಂದೆ ನಿಂತರೆ ಯಾರು ನೋಡುತ್ತಾರೆ? ಅದಕ್ಕೇ ನಮ್ಮ ಕ್ಯಾಮೆರಾ ಹುಡುಗ ಅದನ್ನೂ ಹೊತ್ತು ವೇದಿಕೆ ಹತ್ತಿದ. ತೀರಾ ಹತ್ತಿರ ಹೋದರೆ ಅದು ಫೋಕಸ್ ಆಗುವುದಿಲ್ಲ. ಹಾಗಾಗಿ ಹಿಂದಕ್ಕೆ ಸರಿದ. ಇನ್ನೂ ಸರಿದ. ಕಳಶಕ್ಕೆ ಹಿಮ್ಮಡಿ ತಾಗುವುದರಲ್ಲಿತ್ತು, ಪುರೋಹಿತರು ಮಂತ್ರ ನಿಲ್ಲಿಸದೆ ಕಳಶವನ್ನು ಪಕ್ಕಕ್ಕೆಳೆದುಕೊಂಡರು. ಅವರಿಗೆ ಇದು ಆ ವಾರದ ನಾಲ್ಕನೇ ಮದುವೆ. ಅಭ್ಯಾಸವಾಗಿತ್ತು.

ಅಷ್ಟರಲ್ಲಿ ಕ್ಯಾಂಡಿಡ್ ಹುಡುಗ ಲೆನ್ಸ್ ಬದಲಾಯಿಸುತ್ತಿದ್ದ. ಒಂದು ಮುಚ್ಚಳ ಬಾಯಲ್ಲಿ, ಇನ್ನೊಂದು ಕಂಕುಳಲ್ಲಿ. ಪುರೋಹಿತರು ಮಾಂಗಲ್ಯದ ತಟ್ಟೆಗೆ ಕೈ ಹಾಕಿದ್ದು ನೋಡಿ ಗಾಬರಿಯಾಗಿ ಕೂಗಿದ: "ಸ್ವಾಮೀ, ತಾಳಿ! ತಾಳಿ!"

ಸ್ವಾಮಿಗಳು ತಾಳಿ ಎತ್ತಿ ಮದುಮಗನ ಕೈಗೆ ಕೊಟ್ಟರು. ಗಟ್ಟಿಮೇಳ ಮೊಳಗಿತು. ಮೂರು ಗಂಟು ಬಿದ್ದೇ ಹೋಯಿತು. ಕ್ಯಾಂಡಿಡ್ ಹುಡುಗನ ಕೈಯಲ್ಲಿ ಇನ್ನೂ ಮುಚ್ಚಳ.

"ಇನ್ನೊಂದ್ಸಲ ಕಟ್ಟಿಸಿ ಸ್ವಾಮಿ."

"ಒಂದ್ಸಲ ಕಟ್ಟಿದ್ಮೇಲೆ ಬಿಚ್ಚೋ ಹಾಗಿಲ್ಲಪ್ಪಾ. ಅದಕ್ಕೇ ಇದನ್ನ ಮದುವೆ ಅನ್ನೋದು."

ಕೊನೆಗೆ ರಾಜಿಯಾಯಿತು. ಮದುಮಗ ಕಟ್ಟಿದ ಗಂಟನ್ನೇ ಹಿಡಿದು ಕಟ್ಟುವವನ ಹಾಗೆ ನಿಲ್ಲಬೇಕು. ನಿಂತ. "ಬ್ರೋ, ಕ್ಯಾಮೆರಾ ನೋಡ್ಬೇಡಿ, ಸಹಜವಾಗಿರಿ." ಒಂಬತ್ತು ಸಲ ಸಹಜವಾಗಿದ್ದ. ಮದುಮಗಳಿಗೆ ಕಣ್ಣಂಚಿನಲ್ಲಿ ನೀರು ಬರಬೇಕು ಅಂದರು. ಹೋಮದ ಹೊಗೆ ಸಹಕರಿಸಿತು.

ಸಭೆಯಲ್ಲಿದ್ದ ನಾವು ಇದನ್ನೆಲ್ಲ ನೋಡಿದ್ದು ಎಲ್‌ಇಡಿ ಪರದೆಯಲ್ಲಿ. ಇಪ್ಪತ್ತಡಿ ಮುಂದೆ ನಿಜವಾದ ಮದುವೆ, ಪಕ್ಕದ ಗೋಡೆಯ ಮೇಲೆ ಕಾಣುವ ಮದುವೆ. ಪರದೆ ಎರಡು ಸೆಕೆಂಡ್ ಹಿಂದೆ ಓಡುತ್ತಿತ್ತು. ಗಟ್ಟಿಮೇಳ ಮೊದಲು ಕೇಳಿತು, ತಾಳಿ ಆಮೇಲೆ ಕಂಡಿತು. ಅಕ್ಷತೆ ಯಾವಾಗ ಹಾಕಬೇಕು ಅಂತ ಜನಕ್ಕೆ ಗೊಂದಲ. ಕೆಲವರು ಮೇಳಕ್ಕೆ ಹಾಕಿದರು, ಅದು ಏಳು ಬೆನ್ನುಗಳ ಮೇಲೆ ಬಿತ್ತು. ನನ್ನ ಮುಂದಿದ್ದ ಅಜ್ಜಿಯೊಬ್ಬರು ಪರದೆಯ ಕಡೆ ತಿರುಗಿ ಅದಕ್ಕೇ ಅಕ್ಷತೆ ಎರಚಿ ಕೈಮುಗಿದರು. ಅಜ್ಜಿಯ ಲೆಕ್ಕವೇ ಸರಿ. ಅವರಿಗೆ ಮದುಮಕ್ಕಳ ಮುಖ ಕಂಡದ್ದು ಅಲ್ಲಿಯೇ.

ಡ್ರೋನ್ ಸುದ್ದಿ ಬಿಟ್ಟುಬಿಡೋಣ ಅಂದುಕೊಂಡಿದ್ದೆ. ವಿದೇಶಿ ಡ್ರೋನ್ ತರಿಸಿಕೊಳ್ಳುವುದಕ್ಕೆ 2022ರ ಫೆಬ್ರವರಿಯಿಂದ ನಿರ್ಬಂಧವಿದೆ. ಹಾಗಿದ್ದರೂ ಛತ್ರದ ಅಂಗಳದ ಆಕಾಶ ಖಾಲಿ ಬಿದ್ದದ್ದನ್ನು ನಾನಂತೂ ನೋಡಿಲ್ಲ. ನಮ್ಮದು ಹಿತ್ತಲಿನ ಶಾಮಿಯಾನದ ಊಟದ ಪಂಕ್ತಿಯ ಮೇಲೆ ಇಳಿಯಿತು. ಕುಡಿ ಬಾಳೆಲೆಗಳು ಒಂದೇ ಸಲ ಎದ್ದವು. ಉಪ್ಪು, ಕೋಸಂಬರಿ ಪಕ್ಕದವರ ಎಲೆಗೆ ಹೋದವು. ಹೋಳಿಗೆ ಮಾತ್ರ ಅಲುಗಲಿಲ್ಲ. ಅಡುಗೆ ಭಟ್ಟರು ಅದನ್ನು ಕಂಡು ಅಷ್ಟೇನೂ ಸಂತೋಷಪಡಲಿಲ್ಲ.

ಇಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿತ್ತು. ಕ್ಯಾಮೆರಾದಲ್ಲಿ ಮೆಮೊರಿ ಕಾರ್ಡಿಗೆ ಎರಡು ಕಿಂಡಿ ಇದೆಯಾ, ತೆಗೆದದ್ದು ಎರಡು ಕಡೆ ಉಳಿಯುತ್ತದಾ? 2018ರಲ್ಲಿ ನಿಕಾನ್, ಕೆನಾನ್ ಒಳಗೆ ಕನ್ನಡಿ ಇಲ್ಲದ ತಮ್ಮ ಮೊದಲ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾಗಳನ್ನು ಬಿಟ್ಟಾಗ ಅವುಗಳಲ್ಲಿ ಒಂದೇ ಕಿಂಡಿ ಇತ್ತು. ಮದುವೆ ಫೋಟೋ ತೆಗೆಯುವವರು ದೊಡ್ಡ ಗಲಾಟೆಯನ್ನೇ ಮಾಡಿದರು. ಕಸುಬು ಗೊತ್ತಿದ್ದವರ ಹೆದರಿಕೆ ಅದು. ಮದುವೆಗೆ ಮರುಪರೀಕ್ಷೆ ಇಲ್ಲ. ನಮ್ಮ ನೆಂಟರೊಬ್ಬರ ಮನೆಯಲ್ಲಿ ಕಾರ್ಡು ಕೈಕೊಟ್ಟು ಧಾರೆಯ ಒಂದು ಚಿತ್ರವೂ ಉಳಿಯಲಿಲ್ಲ. ಎರಡು ತಿಂಗಳ ಮೇಲೆ ಮತ್ತೆ ಛತ್ರ ಹಿಡಿದು, ಮತ್ತೆ ರೇಷ್ಮೆ ಉಟ್ಟು, ನೀರೆರೆದು ತೆಗೆಸಿದರು. ಅಷ್ಟೊತ್ತಿಗೆ ಹುಡುಗ ಹುಡುಗಿ ಮಾತು ಬಿಟ್ಟಿದ್ದರು. ಹಾಗಿದ್ದೂ ಕ್ಯಾಂಡಿಡ್ ಆಗಿ ನಕ್ಕರು. ಇದನ್ನು ಷಡ್ಡಕರಿಗೆ ಹೇಳಿದೆ. "ಕಿಂಡಿ ಗಿಂಡಿ ಬೀಗರಿಗೆ ಕಾಣಲ್ಲ ಕಣ್ರೀ" ಅಂದರು.

45 ಮೆಗಾಪಿಕ್ಸೆಲಿನಲ್ಲಿ ತೆಗೆದ ಚಿತ್ರಗಳು ಮೊದಲು ಬಂದದ್ದು ವಾಟ್ಸಾಪಿಗೆ. ಮಾಮೂಲಾಗಿ ಕಳಿಸಿದರೆ ಅದು ಎರಡು ಮೆಗಾಪಿಕ್ಸೆಲಿನ ಆಸುಪಾಸಿಗೆ ಹಿಂಡಿಬಿಡುತ್ತದೆ. ಅತ್ತಿಗೆ ಅದನ್ನು ಒಡೆದ ಗಾಜಿನ ಫೋನಿನಲ್ಲಿ ನೋಡಿ, "ಲೆನ್ಸ್ ಬಿಳಿದಿದ್ದಕ್ಕೇ ಇಷ್ಟು ಚೆನ್ನಾಗಿ ಬಂದಿದೆ" ಅಂದರು.

ಆಲ್ಬಮ್ ಬಂದದ್ದು ಐದು ತಿಂಗಳಿಗೆ. ಹನ್ನೆರಡು ಇಂಚು ಎತ್ತರ, ಬಿಚ್ಚಿದರೆ 36 ಇಂಚು ಅಗಲ. ಆ 36 ನಮ್ಮ ಬೆನ್ನು ಬಿಡುವುದಿಲ್ಲ. ಟೀಪಾಯ್ ಸಾಲದೆ ಮಂಚದ ಮೇಲೆ ಹಾಸಿದರು. ಮದುಮಗಳೂ ತವರಿಗೆ ಬಂದಿದ್ದಳು, ಆಲ್ಬಮ್ ತಂದ ಹುಡುಗನೂ ಇದ್ದ. ನಾನು ನನ್ನನ್ನು ಹುಡುಕತೊಡಗಿದೆ. ಹೆಡ್ ಕ್ಲರ್ಕರ ಶಾಪ ನೆನಪಾಯಿತು. ನಲವತ್ತು ಹಾಳೆ ತಿರುವಿದರೂ ಎಲ್ಲೂ ಇಲ್ಲ. ಎರಡು ದಿನ ಬಾಳೆಕಂಬದಿಂದ ಹಿಡಿದು ಐಸ್‌ಕ್ರೀಂವರೆಗೆ ಓಡಾಡಿದ ಮನುಷ್ಯ ನಾನು.

"ಯಾಕೆ ಚಿಕ್ಕಪ್ಪ, ಇಲ್ಲಿದ್ದೀರಲ್ಲ" ಅಂದಳು ಹುಡುಗಿ. ಆರತಿಯ ಚಿತ್ರ. ಅವಳ ರೆಪ್ಪೆ ಒಂದೊಂದೂ ಎಣಿಸುವ ಹಾಗೆ ಬಂದಿತ್ತು. ಹಿಂದೆ ದೀಪಗಳೆಲ್ಲ ಕರಗಿ ಚಿನ್ನದ ಬಣ್ಣದ ದುಂಡು ದುಂಡು ಬಿಲ್ಲೆಗಳಾಗಿದ್ದವು. ಅವಳು ಬಲಗಡೆ ಅಂಚಿನ ಬಿಲ್ಲೆಯ ಮೇಲೆ ಬೆರಳಿಟ್ಟಳು. ಬೇರೆಯವಕ್ಕಿಂತ ಸ್ವಲ್ಪ ದೊಡ್ಡದು, ಒಂಚೂರು ಬೆಕ್ಕಿನ ಕಣ್ಣಿನ ಆಕಾರ.

ಹುಡುಗನೂ ಬಗ್ಗಿ ನೋಡಿದ. "ಹೌದು ಸಾರ್, ನಿಮ್ಮ ತಲೆ. ಮೇಲಿನ ಲೈಟ್ ಸರಿಯಾಗಿ ಬಿದ್ದಿದೆ. ಇಡೀ ಆಲ್ಬಮ್ಮಲ್ಲಿ ಇಷ್ಟು ಚೆನ್ನಾಗಿರೋ ಬೊಕೆ ಇನ್ನೊಂದಿಲ್ಲ."

ಅತ್ತಿಗೆಗೆ ಕಿವಿ ಸ್ವಲ್ಪ ಮಂದ. "ಬೊಕ್ಕೆ ಅಲ್ಲಪ್ಪ," ಅಂದರು, "ಅದು ಬೊಕ್ಕ ತಲೆ."