ಮಾಡಿಫೈ ಮಾಡಿದ ಕಾರು ಮಾರುವ ಮುಂಚೆ ಬಿಚ್ಚಿ

ಹಳೇ ಹೋಂಡಾ ಸಿಟಿ ವಿಟೆಕ್ ಅಂದ್ರೆ ದಾವಣಗೆರೆಯಲ್ಲಿ ಈಗಲೂ ತಿರುಗಿ ನೋಡುವವರಿದ್ದಾರೆ. ಒಂದೂವರೆ ಲೀಟರ್ ಎಂಜಿನ್, 106 ಹಾರ್ಸ್‌ಪವರ್. ನಾಲ್ಕು ಬಾಗಿಲಿನ ಸೆಡಾನ್ ಯಾವ ಸೀಮೆ ಸ್ಪೋರ್ಟ್ಸ್ ಕಾರು ಅಂತ ನಗುವವರು ಒಮ್ಮೆ ಓಡಿಸಿ ನೋಡಲಿ. ನನ್ನ 2002ರ ಸಿಟಿಯನ್ನು ಬ್ರೋಕರ್ ಇಲ್ಲದೆ ನಾನೇ ಮಾರಿದೆ. ಬ್ರೋಕರ್ ನೋಡೋದು ಇಸವಿ ಮಾತ್ರ.

ನನ್ನ ಅಭಿಪ್ರಾಯ ಇಷ್ಟೇ: ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇರೋ ಹಾಗೇ ಕಾರನ್ನು ಮಾರಿ. ಹೆಡರ್ಸ್ (ಎಂಜಿನ್ನಿನ ಹೊಗೆ ಹೊರಗೆ ಒಯ್ಯುವ ಪೈಪುಗಳು), ಫ್ರೀ ಫ್ಲೋ ಎಕ್ಸಾಸ್ಟ್ ಅನ್ನೋ ಜೋರು ಸದ್ದಿನ ಸೈಲೆನ್ಸರ್, ಅಲಾಯ್ ಚಕ್ರ ಎಲ್ಲ ಬಿಚ್ಚಿ, ಕಂಪನಿಯಿಂದ ಬಂದ ಸ್ಟಾಕ್ ಸಾಮಾನು ಹಾಕಿ, ಬಿಚ್ಚಿದ್ದನ್ನು ಬೇರೆ ಮಾರಿ. ನಿಮಗೆ ಸಂಗೀತ ಅನಿಸಿದ ಎಕ್ಸಾಸ್ಟ್ ತಗೊಳ್ಳುವವನ ಹೆಂಡತಿಗೆ ತಲೆನೋವು. ಅದಕ್ಕೆ ಅವನು ಯಾಕೆ ದುಡ್ಡು ಕೊಡ್ತಾನೆ?

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿ ಬಂದಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್. ಆರ್‌ಟಿಒ ಮುಂದೆ ಗಾಡಿ ನಿಲ್ಲಿಸೋದು ತಗೊಂಡವನೇ ತಾನೇ? ತಿಳಿದವನು ಆ ಲೆಕ್ಕ ಹಾಕಿಯೇ ರೇಟ್ ಇಳಿಸ್ತಾನೆ.

ನೋಡೋಕೆ ಬರುವವರು ಎರಡು ಥರ. ಕಾಲೇಜು ಹುಡುಗರು ಬಂದು, ಬೈಪಾಸ್‌ನಲ್ಲಿ ಒಂದು ರೌಂಡ್ ಹೊಡೆದು, ಸ್ಟೋರಿಗೆ ವಿಡಿಯೋ ಹಾಕಿ, "ಅಣ್ಣಾ, ಲಾಸ್ಟ್ ಎಷ್ಟು?" ಅಂತಾರೆ. ಲೈಸೆನ್ಸ್ ನೋಡದೆ ಕೀ ಕೊಡಬೇಡಿ, ಪಕ್ಕದ ಸೀಟಲ್ಲಿ ನೀವೇ ಕೂತ್ಕೊಳ್ಳಿ. ಇನ್ನೊಂದು ಥರ, ಪರೀಕ್ಷೆ ಮಾಡಿ ತಗೊಳ್ಳುವವರು. ನನ್ನ ಕಾರು ತಗೊಂಡ ಚಿತ್ರದುರ್ಗದವರು ಅಂಥವರು. "ಎಂಜಿನ್ ಬಿಸಿ ಮಾಡಿಡಬೇಡಿ, ನಾನು ಬಂದಮೇಲೇ ಸ್ಟಾರ್ಟ್ ಮಾಡೋಣ" ಅಂತ ಮೊದಲೇ ಫೋನಲ್ಲಿ ಹೇಳಿದ್ದರು. ಬಂದವರೇ ಟಾರ್ಚ್ ಹಿಡಿದು ಕೆಳಗೆ ತುಕ್ಕು ನೋಡಿದರು, ಟೈಮಿಂಗ್ ಬೆಲ್ಟ್ ಬದಲಾಯಿಸಿದ ಬಿಲ್ ಕೇಳಿದರು. ಸರ್ವಿಸ್ ಬಿಲ್‌ಗಳ ಫೈಲ್ ಎದುರಿಗೆ ಇಟ್ಟೆ. ಆಮೇಲೆ ಚೌಕಾಸಿ ಜಾಸ್ತಿ ಆಗಲಿಲ್ಲ.

ದುಡ್ಡು ಬಂತು, ಮುಗೀತು ಅಂದ್ಕೋಬೇಡಿ. ಫಾರ್ಮ್ 29, 30ಕ್ಕೆ (ಆರ್‌ಸಿಯಲ್ಲಿ ಹೆಸರು ಬದಲಾಯಿಸೋ ಅರ್ಜಿಗಳು) ಸಹಿ ಹಾಕಿ "ನೀವೇ ಮಾಡಿಸ್ಕೊಳ್ಳಿ" ಅಂತ ಕೈಗಿಡೋದು ನಮ್ಮೂರ ಅಭ್ಯಾಸ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ನಾನಂತೂ ಹೆಸರು ಬದಲಾಗೋವರೆಗೆ ಒಂದಿಷ್ಟು ಹಣ ಬಾಕಿ ಇಡಿ, ಅಷ್ಟರವರೆಗೆ ಕಾರು ನನ್ನ ಶೆಡ್‌ನಲ್ಲೇ ಇರಲಿ ಅಂದೆ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ.

ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಕಾರಿನ ಜೊತೆ ಹೋಗಲ್ಲ, ಅದು ನಿಮ್ಮದು. ಮುಂದಿನ ಕಾರಿಗೆ ಬರುತ್ತೆ, ಇನ್ಶೂರೆನ್ಸ್ ಕಂಪನಿಯಿಂದ ಅದರ ಪತ್ರ ಕೇಳಿ ಇಸ್ಕೊಳ್ಳಿ.

ಅಲಾಯ್ ಹೋಯ್ತು. ಹೆಡರ್ಸ್ ಇನ್ನೂ ಇದೆ, ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ.