ಚಿಪ್ ಇಲ್ಲದ ಅರೋವಾನಾ

‘ಇದರ ಚಿಪ್ ನಂಬರ್ ಎಷ್ಟು?’ ಎಂದು ಕೇಳಿದ್ದೇ ತಪ್ಪಾಯಿತು. ‘ಮೊಬೈಲಾ ಇದು, ಚಿಪ್ ಇರೂಕೆ? ಮೀನು ಮಾರಾಯ್ರೆ!’ ಕಾರವಾರದ ಆ ಅಕ್ವೇರಿಯಂ ಅಂಗಡಿಯಲ್ಲಿ ನಿಂತಿದ್ದವರೆಲ್ಲ ನಕ್ಕರು. ತೊಟ್ಟಿಯಲ್ಲಿದ್ದದ್ದು ಗೇಣುದ್ದದ ಏಷ್ಯನ್ ಅರೋವಾನಾ. ಅದರಲ್ಲಿ ಅನುಮಾನವಿಲ್ಲ. ದಕ್ಷಿಣ ಅಮೆರಿಕದ ಸಿಲ್ವರ್ ಅರೋವಾನಾಕ್ಕಾದರೆ ಬೆನ್ನಿನ ಮತ್ತು ಹೊಟ್ಟೆಯ ರೆಕ್ಕೆಗಳು ಬಾಲದವರೆಗೂ ರಿಬ್ಬನ್ನಿನಂತೆ ಎಳೆದುಕೊಂಡಿರುತ್ತವೆ, ಪಕ್ಕದ ಗೆರೆಯ ಮೇಲೆ ಮುವ್ವತ್ತಕ್ಕೂ ಹೆಚ್ಚು ಹುರುಪೆ. ಏಷ್ಯದ್ದಕ್ಕೆ ಬೆನ್ನಿನ ರೆಕ್ಕೆ ಗಿಡ್ಡ, ಹುರುಪೆ ದೊಡ್ಡ, ಎಣಿಸಿದರೆ ಇಪ್ಪತ್ತರ ಆಚೀಚೆ. ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಲಗಾಮು ಹಾಕುವ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿ ಸಿಲ್ವರ್ ಇಲ್ಲ. ಏಷ್ಯದ್ದು 1975ರಿಂದಲೂ ಅದರ ಮೊದಲ ಪಟ್ಟಿಯಲ್ಲಿ, ಹುಲಿಯ ಸಾಲಿನಲ್ಲಿ ಕೂತಿದೆ.

ಸಿಂಗಾಪುರದಲ್ಲಿ ಚಿಪ್ ಇಲ್ಲದ ಏಷ್ಯನ್ ಅರೋವಾನಾ ಅಂದರೆ ಆರ್‌ಸಿ ಇಲ್ಲದ ಬೈಕ್. ಸೈಟ್ಸ್‌ನಲ್ಲಿ ನೋಂದಾಯಿಸಿದ ಫಾರ್ಮಿನಲ್ಲಿ, ಸಾಕುಮೀನಿಗೇ ಹುಟ್ಟಿದ ಎರಡನೇ ಅಥವಾ ಅದರಾಚೆಯ ತಲೆಮಾರಿನ ಮರಿಯಾಗಿರಬೇಕು. ಗುರುತಿನ ನಂಬರ್ ಇರುವ, ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ಅನ್ನು ದಪ್ಪ ಸೂಜಿಯಲ್ಲಿ ಬೆನ್ನಿನ ರೆಕ್ಕೆಯ ಮುಂದಿನ ಮಾಂಸದೊಳಗೆ ಓರೆಯಾಗಿ ಕೂರಿಸುತ್ತಾರೆ. ಮರಿ ತೀರ ಚಿಕ್ಕದಿರುವಾಗ ಹಾಕಿದರೆ ಗಾಯ ಕೂಡುವ ಮೊದಲೇ ಚಿಪ್ ಹೊರಗೆ ಬೀಳುತ್ತದೆ, ಇಲ್ಲವೇ ಕೀವಾಗುತ್ತದೆ. ಕೊಳ್ಳುವಾಗ ಮೀನನ್ನು ನೀರಿನ ಚೀಲಕ್ಕೆ ಇಳಿಸಿ ಹೊರಗಿನಿಂದ ರೀಡರ್ ಆಡಿಸಬೇಕು. ತೊಟ್ಟಿಯಲ್ಲೇ ಓದಿಸುತ್ತೇನೆಂದರೆ ಮೀನು ನಿಲ್ಲುವುದಿಲ್ಲ, ಒಂದು ಗೇಣು ದೂರ ಹೋದರೂ ರೀಡರ್ ಬಾಯಿ ಬಿಡುವುದಿಲ್ಲ. ಪರದೆಯ ಮೇಲೆ ಬಂದ ನಂಬರೂ ಸರ್ಟಿಫಿಕೇಟಿನ ನಂಬರೂ ತಾಳೆಯಾದರೆ ದುಡ್ಡು ಎಣಿಸಬಹುದು.

ಇಷ್ಟೆಲ್ಲ ಯಾಕೆಂದರೆ ಈ ಮೀನಿನ ಬಾಣಂತನ ಅಪ್ಪನದು. ಮೊಟ್ಟೆಗಳನ್ನು ಗಂಡು ಬಾಯಲ್ಲಿ ತುಂಬಿಕೊಂಡು, ತಿಂಗಳಿಗೂ ಹೆಚ್ಚು ದಿನ ಉಪವಾಸವಿದ್ದು ಮರಿ ಮಾಡುತ್ತದೆ. ಒಂದು ಸಲಕ್ಕೆ ಕೆಲವೇ ಡಜನ್. ಪ್ರಾಯಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕು. ಕಾಡಿನ ಹೊಳೆಯಲ್ಲಿ ಒಂದು ಗಂಡನ್ನು ಹಿಡಿದು ಬಾಯಿ ಬಿಡಿಸಿದರೆ ಆ ವರ್ಷದ ಫಸಲೇ ಹೋಯಿತು. ತಾರ್ಲೆ, ಬಂಗಡೆ ನೋಡಿ ಬೆಳೆದ ನಮಗೆ ಮೀನೆಂದರೆ ಮುಗಿಯದ ವಸ್ತು. ನಗು ಬಂದದ್ದು ಅಲ್ಲಿಂದಲೇ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟ್ಸ್ ಪಟ್ಟಿಯ ಜೀವಿಗಳು ಅದರ ನಾಲ್ಕನೇ ಅನುಸೂಚಿಗೆ ಬಂದವು. 2024ರ ಫೆಬ್ರವರಿಯ ನಿಯಮದ ಪ್ರಕಾರ, ಅಂಥ ಜೀವಿ ಮನೆಯಲ್ಲಿದ್ದವರು ಆರು ತಿಂಗಳೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ಲಿನಲ್ಲಿ ನೋಂದಾಯಿಸಬೇಕಿತ್ತು. ಹೊಸದಾಗಿ ಕೊಂಡರೆ 30 ದಿನ. ಮೀನು ಮರಿ ಹಾಕಿದರೂ ಸತ್ತರೂ ಕೈ ಬದಲಾದರೂ ತಿಳಿಸಬೇಕು. ಸೈಟ್ಸ್‌ನ ಮೊದಲ ಪಟ್ಟಿಯದನ್ನು ಮರಿ ಮಾಡಿಸಿ ಮಾರಲು ಬೇರೆ ಲೈಸೆನ್ಸ್.

ಓದಲು ಚೆಂದ. ಆದರೆ ಇಲ್ಲಿ ಕಾಗದ ಹುಟ್ಟುವುದು ಮೀನು ಮನೆಗೆ ಬಂದ ಮೇಲೆ. ಸಿಂಗಾಪುರದಲ್ಲಿ ಅದು ಮೀನಿನ ಮೈಯಲ್ಲೇ ಇರುತ್ತದೆ. ಚಿಪ್ ಇಲ್ಲದ ಮೀನಿಗೆ ಫೋಟೋ ಹಚ್ಚಿದರೆ ಏನು ಸಿಕ್ಕೀತು? ಮರಿಯಾಗಿದ್ದಾಗ ಎಲ್ಲ ಅರೋವಾನಾವೂ ಬೂದು ಬೆಳ್ಳಿ. ಕೆಂಪೋ ಚಿನ್ನವೋ ಎಂಬುದು ವರ್ಷಗಟ್ಟಲೆ ತಡೆದು ಏರುವ ಬಣ್ಣ. ಎರಡು ವರ್ಷದ ಹಿಂದಿನ ಫೋಟೋ ಹಿಡಿದು ಬಂದ ಅರಣ್ಯ ಇಲಾಖೆಯವರು ಯಾವ ಮೀನಿನ ಮುಂದೆ ನಿಲ್ಲಬೇಕು? ಸತ್ತದ್ದರ ಕಾಗದದಲ್ಲಿ ಹೊಸದನ್ನು ಸಾಕಿದರೂ ಗೊತ್ತಾಗುವುದಿಲ್ಲ. ಮೊದಲ ಅಂಗಡಿಯಲ್ಲೇ ಚಿಪ್ ಓದಿಸಿ, ನೋಂದಣಿ ಮಾಡಿಸಿ, ಆಕ್ಸಿಜನ್ ತುಂಬಿದ ಚೀಲದ ಜೊತೆಗೇ ಕಾಗದ ಕೊಟ್ಟರೆ ಮುಗಿಯುವ ಕೆಲಸವಿದು. ‘ಅದೆಲ್ಲ ಆಮೇಲೆ ನೋಡ್ವ’ ಎನ್ನುವ ನಮ್ಮ ಚಾಳಿಗೆ 30 ದಿನದ ಗಡುವು ಹೇಳಿ ಮಾಡಿಸಿದಂತಿದೆ.

ಪಟ್ಟಿಯ ಹೆಸರು ಕೇಳದವರೂ ಮನೆಯ ತೊಟ್ಟಿಗೆ ನೇತ್ರಾಣಿ ದ್ವೀಪದ ಹವಳದ ತುಂಡು ಬೇಕೆನ್ನುತ್ತಾರೆ. ಬಲೆಗೆ ಸಿಕ್ಕ ಕಡಲ ಕುದುರೆಯನ್ನು ಒಣಗಿಸಿ ಶೋಕೇಸಿನಲ್ಲಿಡುತ್ತಾರೆ. ಎರಡೂ 2001ರಿಂದ ರಕ್ಷಿತ. ಇವಕ್ಕೆ ಪೋರ್ಟಲ್ಲೂ ಇಲ್ಲ, ಫೀಸೂ ಇಲ್ಲ, ಮುಟ್ಟಬಾರದು ಅಷ್ಟೆ. ಕಡಲ ಕುದುರೆಯಲ್ಲೂ ಬಸಿರು ಅಪ್ಪನದೇ ಎನ್ನುವುದು ಬೇರೆ ಮಾತು.

ಹಾಗೆಂದು ಊರವರಿಗೆ ನಿಯಮ ಒಗ್ಗುವುದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನದ ಮೀನುಗಾರಿಕೆ ನಿಷೇಧದಲ್ಲಿ, ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲರುಗಳು ಕಟ್ಟಿಯೇ ಇರುತ್ತವೆ. ಕಟ್ಟಿದ ಬೋಟು ಎಲ್ಲರ ಕಣ್ಣಿಗೂ ಬೀಳುತ್ತದೆ, ಅದಕ್ಕೆ ಆ ಕಾನೂನು ನಡೆಯುತ್ತದೆ. ಶೃಂಗೇರಿಯ ತುಂಗೆಯಲ್ಲಿ ದೊಡ್ಡ ದೊಡ್ಡ ಮೀನುಗಳು ಚಿಪ್ ಇಲ್ಲದೆ, ಸರ್ಟಿಫಿಕೇಟಿಲ್ಲದೆ ಮಂಡಕ್ಕಿ ತಿನ್ನುತ್ತಿವೆ, ಗಾಳ ಹಾಕುವವರಿಲ್ಲ. ಸಿಂಗಾಪುರದ ಅಚ್ಚುಕಟ್ಟೂ ಪೂರ್ತಿ ಪುಣ್ಯದ ಕೆಲಸವಲ್ಲ. ಒಂದೊಂದು ಅರೋವಾನಾಕ್ಕೂ ದೊಡ್ಡ ಬೆಲೆಯಿದೆ, ಅದಕ್ಕೇ ಅಲ್ಲಿ ಸೂಜಿ, ರೀಡರ್ ಎಲ್ಲ. ಬೆಲೆಯಿಲ್ಲದ ಹೊಳೆಮೀನಿಗೆ ಅಲ್ಲಿಯೂ ಯಾರೂ ಚಿಪ್ ಹಾಕುವುದಿಲ್ಲ.

ಕಾರವಾರದ ತೊಟ್ಟಿಯ ಮೇಲೆ ಮುಚ್ಚಳವೂ ಇರಲಿಲ್ಲ. ಅರೋವಾನಾ ಹಾರುವ ಮೀನು, ಮುಚ್ಚಳದ ಮೇಲೆ ಭಾರ ಹೇರಬೇಕು, ಬೆಳೆದ ಮೇಲೆ ಆರಡಿ ಉದ್ದ, ಎರಡೂವರೆ ಅಡಿ ಅಗಲದ ತೊಟ್ಟಿ ಬೇಕು. ಅಂಗಡಿಯವರಿಗೆ ಅದನ್ನಾದರೂ ಹೇಳಬಹುದಿತ್ತು.