ಪ್ರಮಾಣವಚನಕ್ಕೆ ಮೊದಲೇ ಪ್ರತಿಜ್ಞಾಭಂಗ

ಭೂಮಿಯನ್ನು ಉಳಿಸಲೆಂದು, ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಸೊನ್ನೆಗೆ ಇಳಿಸುವ ಪ್ರತಿಜ್ಞೆಯೊಂದಿಗೆ ಜಗತ್ತಿನ ದೊಡ್ಡ ಬ್ಯಾಂಕುಗಳು ಕಟ್ಟಿಕೊಂಡಿದ್ದ ‘ನೆಟ್ ಝೀರೋ ಬ್ಯಾಂಕಿಂಗ್ ಅಲಯನ್ಸ್’ 2025ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿಕೊಂಡಾಗ ಅನೇಕ ಪರಿಸರಪ್ರೇಮಿಗಳು ನೊಂದುಕೊಂಡರು. ನನಗೆ ಮಾತ್ರ ಆ ಬ್ಯಾಂಕುಗಳ ಚುರುಕುತನದ ಬಗ್ಗೆ ಅಪಾರ ಗೌರವ ಮೂಡಿತು. ಹವಾಮಾನ ಕ್ರಮಗಳ ವಿರೋಧಿ ಡೊನಾಲ್ಡ್ ಟ್ರಂಪ್ ಅಮೆರಿಕದ ಹೊಸ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದು 2025ರ ಜನವರಿ 20ರಂದು. ಗೋಲ್ಡ್‌ಮನ್ ಸ್ಯಾಕ್ಸ್ ಹಿಂದಿನ ಡಿಸೆಂಬರ್ ಮೊದಲ ವಾರದಲ್ಲೇ ಒಕ್ಕೂಟದಿಂದ ಹೊರಬಿದ್ದಿತ್ತು. ವೆಲ್ಸ್ ಫಾರ್ಗೊ, ಸಿಟಿ, ಬ್ಯಾಂಕ್ ಆಫ್ ಅಮೆರಿಕ, ಮಾರ್ಗನ್ ಸ್ಟಾನ್ಲಿ ಸಾಲಾಗಿ ಹಿಂಬಾಲಿಸಿದವು. ಜನವರಿ ಮೊದಲ ವಾರ ಕಳೆಯುವ ಹೊತ್ತಿಗೆ ಜೆಪಿ ಮಾರ್ಗನ್ ಕೂಡ ಹೊರಗಿತ್ತು. ಹೊರಹೋಗಿ ಎಂದು ಆಜ್ಞೆ ಹೊರಡಿಸುವ ಕಷ್ಟವನ್ನೂ ಅವರು ಹೊಸ ಸರ್ಕಾರಕ್ಕೆ ಕೊಡಲಿಲ್ಲ. ಸಾಲದ ಕಂತು ಒಂದು ದಿನ ತಡವಾದರೂ ದಂಡ ಹಾಕುವ ಸಂಸ್ಥೆಗಳು ತಮ್ಮ ಶರಣಾಗತಿಯ ಕಂತನ್ನು ವಾಯಿದೆಗೆ ಮೊದಲೇ ಕಟ್ಟಿದವು ಎಂಬುದನ್ನು ನಾವು ಮೆಚ್ಚಬೇಕು.

ಹೊರಡುವಾಗ ಯಾರೂ ಮುನಿಸಿಕೊಂಡು ಹೊರಡಲಿಲ್ಲ. ಗ್ರಾಹಕರ ಹವಾಮಾನ ಗುರಿಗಳಿಗೆ ತಮ್ಮ ನೆರವು ಮುಂದುವರಿಯುತ್ತದೆ ಎಂಬರ್ಥದ ಹೇಳಿಕೆಗಳು ಬಹುತೇಕರಿಂದ ಬಂದವು. ಕೆಲವೇ ವಾರಗಳಲ್ಲಿ ವೆಲ್ಸ್ ಫಾರ್ಗೊ 2050ರ ನೆಟ್ ಝೀರೋ ಗುರಿಯನ್ನೇ ಕೈಬಿಟ್ಟಿತು.

ಈ ವಿದ್ಯೆಯ ಆಚಾರ್ಯರೆಂದರೆ ಹೂಡಿಕೆ ನಿರ್ವಹಣಾ ಸಂಸ್ಥೆ ಬ್ಲ್ಯಾಕ್‌ರಾಕ್‌ನ ಮುಖ್ಯಸ್ಥ ಲ್ಯಾರಿ ಫಿಂಕ್. ಹವಾಮಾನದ ಅಪಾಯವೆಂದರೆ ಹೂಡಿಕೆಯ ಅಪಾಯ ಎಂದು 2020ರ ಜನವರಿಯಲ್ಲಿ ಅವರು ಕಂಪನಿಗಳ ಮುಖ್ಯಸ್ಥರಿಗೆ ಪತ್ರ ಬರೆದಾಗ, ಆ ಪತ್ರವನ್ನು ಪೀಠಾಧಿಪತಿಗಳ ನಿರೂಪದಂತೆ ಓದಿದವರಿದ್ದರು. ಪರಿಸರ, ಸಮಾಜ, ಆಡಳಿತ ಎಂಬ ಮೂರು ಹೊಣೆಗಳನ್ನು ಒಟ್ಟಿಗೆ ಕಟ್ಟಿದ ‘ಇಎಸ್‌ಜಿ’ ಎಂಬ ಮಾತನ್ನು ತಾವಿನ್ನು ಬಳಸುವುದಿಲ್ಲ ಎಂದು 2023ರ ಜೂನ್‌ನಲ್ಲಿ ಅವರೇ ಹೇಳಿದರು. ಈ ನಡುವೆ ಇಎಸ್‌ಜಿಯನ್ನು ವಿರೋಧಿಸಿ ಫ್ಲಾರಿಡಾ ರಾಜ್ಯ ಬ್ಲ್ಯಾಕ್‌ರಾಕ್‌ನಿಂದ 200 ಕೋಟಿ ಡಾಲರ್ ವಾಪಸು ಪಡೆದಿತ್ತು. 2024ರಲ್ಲಿ ಟೆಕ್ಸಸ್ಸಿನ ಶಾಲಾ ನಿಧಿ 850 ಕೋಟಿ ಡಾಲರ್ ಹಿಂತೆಗೆದುಕೊಂಡಿತು. ತಾವು ತೈಲದ ವೈರಿಗಳಲ್ಲ, ಟೆಕ್ಸಸ್ಸಿನ ಇಂಧನ ಕಂಪನಿಗಳಲ್ಲಿ ತಮ್ಮ ಗ್ರಾಹಕರ ಹಣವೆಷ್ಟಿದೆ ನೋಡಿ ಎಂದು ಕಂಪನಿ ಲೆಕ್ಕ ಒಪ್ಪಿಸಿತು. 2025ರ ಜನವರಿಯಲ್ಲಿ ಅದು ಹೂಡಿಕೆದಾರರ ನೆಟ್ ಝೀರೋ ಕೂಟವನ್ನು ತೊರೆಯಿತು, ಜೂನ್‌ನಲ್ಲಿ ಟೆಕ್ಸಸ್ ಅದರ ಹೆಸರನ್ನು ‘ತೈಲೋದ್ಯಮವನ್ನು ಬಹಿಷ್ಕರಿಸುವವರ’ ಪಟ್ಟಿಯಿಂದ ತೆಗೆಯಿತು. ಪ್ರಾಯಶ್ಚಿತ್ತ ಮುಗಿಯಿತು ಎನ್ನುವಷ್ಟರಲ್ಲಿ, ಸೆಪ್ಟೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಪಿಂಚಣಿ ನಿಧಿಯೊಂದು ಹವಾಮಾನದ ವಿಷಯದಲ್ಲಿ ನಿಮ್ಮನ್ನು ನಂಬಲಾಗದು ಎಂಬ ಕಾರಣಕ್ಕೇ ಸುಮಾರು 1400 ಕೋಟಿ ಯೂರೊಗಳನ್ನು ಹಿಂಪಡೆಯಿತು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಗಾಡಿಯಲ್ಲಿ ಕುಳಿತವರು ಮಾತ್ರ ಎರಡೂ ಕಡೆಯಿಂದ ಶುಲ್ಕ ಎಣಿಸುತ್ತ ಬಂದವರು, ಅವರಿಗಾಗಿ ನಾವು ಮರುಗಬೇಕಿಲ್ಲ.

ಒಂದು ಮಾತನ್ನು ಒಪ್ಪಿಕೊಳ್ಳೋಣ. ಈ ವಿರೋಧಕ್ಕೆ ಗೊಬ್ಬರ ಹಾಕಿದ್ದು ಕಂಪನಿಗಳ ಸೋಗೇ. ಯೂನಿಲಿವರ್ ಕಂಪನಿ ತನ್ನ ಒಂದೊಂದು ಸರಕಿಗೂ ಒಂದು ಘನ ಉದ್ದೇಶವಿರಬೇಕೆಂದು ಪಟ್ಟು ಹಿಡಿದು, ಹೆಲ್ಮನ್ಸ್ ಮೇಯನೇಸ್‌ಗೂ ಒಂದನ್ನು ಹುಡುಕಿಕೊಟ್ಟಿತ್ತು: ಆಹಾರ ಪೋಲಾಗದಂತೆ ತಡೆಯುವುದು. ಮೇಯನೇಸ್‌ಗೆ ಉದ್ದೇಶ ಹುಡುಕುವ ಕಂಪನಿಗೆ ದಾರಿ ತಪ್ಪಿದೆ ಎಂದು ಅದರ ಷೇರುದಾರ, ಬ್ರಿಟನ್ನಿನ ನಿಧಿ ನಿರ್ವಾಹಕ ಟೆರಿ ಸ್ಮಿತ್ 2022ರ ಜನವರಿಯಲ್ಲಿ ಬರೆದರು. ಆ ಡಬ್ಬಿ 1913ರಿಂದ ಮಾರುಕಟ್ಟೆಯಲ್ಲಿದೆ, ಅದು ಸಲಾಡಿಗೂ ಸ್ಯಾಂಡ್‌ವಿಚ್‌ಗೂ ಎಂಬುದು ಕೊಳ್ಳುವವರಿಗೆ ಗೊತ್ತಾಗಿಬಿಟ್ಟಿದೆ ಎಂಬ ಧಾಟಿಯಲ್ಲಿ. ನಾನು ನಕ್ಕೆ, ಈಗಲೂ ನಗು ಬರುತ್ತದೆ. ನಮ್ಮ ಅಜ್ಜಿಯಂದಿರು ಭರಣಿಗಟ್ಟಲೆ ಮಿಡಿ ಉಪ್ಪಿನಕಾಯಿ ಹಾಕಿದರು. ಅದಕ್ಕೆ ಧರ್ಮಾರ್ಥಕಾಮಮೋಕ್ಷಗಳಲ್ಲಿ ಯಾವುದು ಗುರಿ ಎಂದು ಒಬ್ಬರೂ ಕೇಳಲಿಲ್ಲ, ಆದರೂ ಮನೆಯಲ್ಲಿ ಒಂದು ಅಗುಳು ಅನ್ನ ಪೋಲಾಗಲಿಲ್ಲ. ಸಾಸಿವೆ ಹೆಚ್ಚಾಯಿತೇ, ಉಪ್ಪು ಕಡಿಮೆಯಾಯಿತೇ ಎಂಬ ವರದಿ ವರ್ಷಕ್ಕೊಮ್ಮೆ ಬರುತ್ತಿತ್ತು, ಅದೂ ಬೀಗಗಿತ್ತಿಯ ಬಾಯಿಂದ, ಯಾವ ಲೆಕ್ಕಪರಿಶೋಧಕನ ಸಹಿಯೂ ಇಲ್ಲದೆ.

ನಗು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಸೋಗನ್ನು ಗೇಲಿ ಮಾಡುವುದು ಒಂದು. ಹೊಣೆಯನ್ನೇ ಅಪರಾಧ ಮಾಡುವುದು ಇನ್ನೊಂದು. ಟೆಕ್ಸಸ್‌ನಲ್ಲಿ 2021ರ ಫೆಬ್ರುವರಿಯಲ್ಲಿ ಹಿಮಗಾಳಿ ಬೀಸಿ, ವಿದ್ಯುತ್ ಜಾಲ ಕುಸಿದು, ಸರ್ಕಾರಿ ಲೆಕ್ಕದಲ್ಲೇ 246 ಜನ ಸತ್ತರು. ನಿಂತುಹೋದ ಘಟಕಗಳಲ್ಲಿ ದೊಡ್ಡ ಪಾಲು ನೈಸರ್ಗಿಕ ಅನಿಲದವು. ರಾಜ್ಯಪಾಲರು ಟಿವಿಯಲ್ಲಿ ದೂರಿದ್ದು ಗಾಳಿಯಂತ್ರ ಮತ್ತು ಸೌರಫಲಕಗಳನ್ನು. ಅದೇ ವರ್ಷ ಆ ರಾಜ್ಯ ಮಾಡಿದ ಕಾನೂನು, ತೈಲ ಮತ್ತು ಅನಿಲವನ್ನು ‘ಬಹಿಷ್ಕರಿಸುವ’ ಹಣಕಾಸು ಸಂಸ್ಥೆಗಳೊಂದಿಗೆ ಸರ್ಕಾರ ವ್ಯವಹರಿಸಬಾರದು ಎಂದಿತು. ಹಣ ತನಗೆ ಬೇಕಾದ ಕಡೆ ಹರಿಯಲಿ, ಸರ್ಕಾರ ಅಡ್ಡ ಬರಬಾರದು ಎಂದು ಅರ್ಧ ಶತಮಾನದಿಂದ ಬೋಧಿಸುತ್ತ ಬಂದವರ ರಾಜ್ಯ, ಹಣ ಯಾವ ಕಡೆ ಹರಿಯಬಾರದೆಂದು ಶಾಸನ ಬರೆಯಿತು. ಅಮೆರಿಕದಲ್ಲೇ ಅತಿ ಹೆಚ್ಚು ಪವನ ವಿದ್ಯುತ್ ತಯಾರಾಗುವುದು ಅದೇ ಟೆಕ್ಸಸ್‌ನಲ್ಲಿ. ಗಾಳಿ ಬಂದಾಗ ತೂರಿಕೋ ಎಂಬುದು ಅಲ್ಲಿನ ರೈತನಿಗೆ ತಿಳಿದಿದೆ, ಶಾಸಕರಿಗೆ ತಿಳಿದಿಲ್ಲವೆಂದಲ್ಲ, ತಿಳಿದರೆ ಮತ ಬೀಳುವುದಿಲ್ಲ.

ಆ ಕಾನೂನು ಬಂದು ದೊಡ್ಡ ಬ್ಯಾಂಕುಗಳು ಸಾಲಪತ್ರಗಳ ಹರಾಜಿನಿಂದ ಹೊರನಡೆದ ಮೇಲೆ ಟೆಕ್ಸಸ್ಸಿನ ಪುರಸಭೆಗಳೂ ಶಾಲಾ ಜಿಲ್ಲೆಗಳೂ ಉಳಿದವರು ಕೇಳಿದ ದರಕ್ಕೆ ಸಾಲಪತ್ರ ಮಾರಬೇಕಾಯಿತು. ಮೊದಲ ಎಂಟು ತಿಂಗಳಲ್ಲಿ ಎತ್ತಿದ 3200 ಕೋಟಿ ಡಾಲರ್ ಸಾಲದ ಮೇಲೆ ಬಿದ್ದ ಹೆಚ್ಚುವರಿ ಬಡ್ಡಿ 30.3 ಕೋಟಿಯಿಂದ 53.2 ಕೋಟಿ ಡಾಲರ್ ಎಂದು ಇಬ್ಬರು ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದ್ದಾರೆ. ಅದನ್ನು ತೆರುವವರು ಲ್ಯಾರಿ ಫಿಂಕ್ ಹೆಸರನ್ನೇ ಕೇಳಿರದ ಜನ. ಅವರ ಊರಿನ ಚರಂಡಿ ದುರಸ್ತಿಯ ದುಡ್ಡು ಅದು.

ಇಡೀ ಪ್ರಕರಣದಲ್ಲಿ ಪ್ರಾಮಾಣಿಕನಾಗಿ ಕಂಡವನು ಒಬ್ಬನೇ, ಅವನ ಕೆಲಸ ಹೋಯಿತು. ಎಚ್‌ಎಸ್‌ಬಿಸಿಯ ಆಸ್ತಿ ನಿರ್ವಹಣಾ ಸಂಸ್ಥೆಯಲ್ಲಿ ಜವಾಬ್ದಾರಿಯುತ ಹೂಡಿಕೆಯ ಮುಖ್ಯಸ್ಥನಾಗಿದ್ದ ಸ್ಟುವರ್ಟ್ ಕರ್ಕ್, ಇನ್ನು ನೂರು ವರ್ಷಕ್ಕೆ ಮಯಾಮಿ ಆರು ಮೀಟರ್ ನೀರಿನಡಿ ಹೋದರೆ ಯಾರಿಗೇನು, ಆಮ್‌ಸ್ಟರ್‌ಡ್ಯಾಮ್ ಎಂದಿನಿಂದಲೂ ಹಾಗೇ ಇದೆಯಲ್ಲ ಎಂದು 2022ರ ಮೇ ತಿಂಗಳಲ್ಲಿ ಸಭೆಯೊಂದರಲ್ಲಿ ಹೇಳಿದ. ಬ್ಯಾಂಕಿಗೆ ಆಘಾತವಾಯಿತು, ಆತನನ್ನು ಅಮಾನತು ಮಾಡಲಾಯಿತು, ಜುಲೈನಲ್ಲಿ ಆತ ರಾಜೀನಾಮೆ ಕೊಟ್ಟ. ತನ್ನ ಸ್ವಂತ ಕಾರ್ಯಾಚರಣೆಗಳಿಗೆ 2030ರ ನೆಟ್ ಝೀರೋ ಗಡುವು ಇಟ್ಟುಕೊಂಡಿದ್ದ ಅದೇ ಬ್ಯಾಂಕು 2025ರ ಫೆಬ್ರುವರಿಯಲ್ಲಿ ಅದನ್ನು 2050ಕ್ಕೆ ಮುಂದೂಡಿತು, ಜುಲೈನಲ್ಲಿ ಒಕ್ಕೂಟದಿಂದ ಹೊರನಡೆಯಿತು. ಹೇಳಿದವನಿಗೆ ಶಿಕ್ಷೆಯಾಯಿತು, ಮಾಡಿದವರಿಗೆ ವಾರ್ಷಿಕ ಬೋನಸ್ಸಿನ ಮಾತುಕತೆ ನಡೆದಿರಬೇಕು.

ನಮ್ಮಲ್ಲಿ ಇಂಥ ರಂಪವಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ, ಒಂದು ಗಾತ್ರ ಮೀರಿದ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕೆಂದು ಹೇಳಿ, ಉಳಿದ ಶೇ 98 ಹೇಗೆ ಬಂತೆಂದು ಕೇಳದಿರುವ ಸೌಜನ್ಯ ತೋರಿದೆ. ಅದಕ್ಕೇ ಸರ್ಕಾರಿ ಶಾಲೆಯ ಗೋಡೆಯ ಮೇಲೆ ಶಾಲೆಯ ಹೆಸರಿಗಿಂತ ದಾನಿಯ ಹೆಸರು ದೊಡ್ಡದಾಗಿದ್ದರೂ ಎಲ್ಲರೂ ಸುಖಿಗಳು. ಆ ಉಳಿದ ಭಾಗದ ಬಗ್ಗೆ ಸ್ವಲ್ಪ ಕೇಳಹೊರಟಿದ್ದ ಷೇರುಪೇಟೆ ನಿಯಂತ್ರಕ ಸೆಬಿ, ದೊಡ್ಡ ಕಂಪನಿಗಳು ತಮಗೆ ಸರಕು ಪೂರೈಸುವವರ ಪರಿಸರದ ಲೆಕ್ಕವನ್ನೂ ಕೊಡಬೇಕೆಂಬ ನಿಯಮವನ್ನು 2025ರಲ್ಲಿ ಒಂದು ವರ್ಷ ಮುಂದೂಡಿ, ಇಷ್ಟವಿದ್ದವರು ಕೊಡಲಿ ಎಂದು ಸಡಿಲಿಸಿತು. ಟಿವಿಯಲ್ಲಿ ಚರ್ಚೆ ನಡೆಯಲಿಲ್ಲ, ಬಹಿಷ್ಕಾರದ ಪಟ್ಟಿ ಹೊರಡಲಿಲ್ಲ. ಅಮೆರಿಕದವರು ಕೂಗಾಡಿ ಮಾಡಿದ್ದನ್ನು ನಾವು ಒಂದು ಸುತ್ತೋಲೆಯಲ್ಲಿ ಮುಗಿಸಿದೆವು. ಒಕ್ಕೂಟ ತೊರೆದ ಬ್ಯಾಂಕುಗಳಲ್ಲಿ ಹಲವಕ್ಕೆ ಬೆಂಗಳೂರಿನಲ್ಲಿ ದೊಡ್ಡ ಕಚೇರಿಗಳಿವೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾದ ಇದೇ ಊರಿನ ಮಕ್ಕಳು ಆ ಕಚೇರಿಗಳಲ್ಲಿ ದುಡಿಯುತ್ತಾರೆ. ಗುರಿಗಳನ್ನು ವರದಿಗೆ ಸೇರಿಸುವ ಕೆಲಸಕ್ಕೂ ಅಳಿಸುವ ಕೆಲಸಕ್ಕೂ ಸಂಬಳ ಒಂದೇ ಆಗಿರುತ್ತದೆ.

ಕರ್ಕ್ ಹೇಳಿದ ಮಯಾಮಿಗೆ ಬರೋಣ. ಅದಿರುವ ಫ್ಲಾರಿಡಾ ರಾಜ್ಯ 2023ರಲ್ಲಿ ಇಎಸ್‌ಜಿಯ ವಿರುದ್ಧ ಕಾನೂನು ಮಾಡಿತು. 2024ರಲ್ಲಿ ಹವಾಮಾನ ಬದಲಾವಣೆಯ ಪ್ರಸ್ತಾಪವನ್ನೇ ತನ್ನ ಶಾಸನಗಳಿಂದ ಬಹುಮಟ್ಟಿಗೆ ತೆಗೆದುಹಾಕಿತು. ತಿದ್ದುಪಡಿ ಜಾರಿಯಾದದ್ದು ಜುಲೈ 1ರಂದು. ಹೆಲೀನ್ ಚಂಡಮಾರುತ ಅಪ್ಪಳಿಸಿದ್ದು ಸೆಪ್ಟೆಂಬರ್ 26ರಂದು, ಮಿಲ್ಟನ್ ಅಕ್ಟೋಬರ್ 9ರಂದು. ಖಾಸಗಿ ವಿಮಾ ಕಂಪನಿಗಳು ಯಾವ ಪ್ರತಿಜ್ಞೆಯನ್ನೂ ಮಾಡದೆ, ಯಾವುದನ್ನೂ ಮುರಿಯದೆ, ಲೆಕ್ಕ ಹಾಕಿ ಒಂದೊಂದಾಗಿ ಆ ರಾಜ್ಯದಿಂದ ಕಾಲ್ತೆಗೆಯುತ್ತಿದ್ದವು. ಬೇರೆಲ್ಲೂ ವಿಮೆ ಸಿಗದವರಿಗೆಂದು ರಾಜ್ಯವೇ ನಡೆಸುವ ‘ಸಿಟಿಜನ್ಸ್’ ಸಂಸ್ಥೆಯ ಪಾಲಿಸಿಗಳು 2023ರಲ್ಲಿ 14 ಲಕ್ಷ ಮುಟ್ಟಿದವು. ಈ ಹೊತ್ತಿಗೆ ನನಗೆ ವಿಡಂಬನೆ ಸಾಕೆನಿಸುತ್ತದೆ. ಇವರೆಲ್ಲರಿಗೂ ಗೊತ್ತು. ಪತ್ರ ಬರೆದವರಿಗೂ ಗೊತ್ತು, ಪಟ್ಟಿ ಮಾಡಿದವರಿಗೂ ಗೊತ್ತು, ಶಾಸನ ಅಳಿಸಿದವರಿಗೂ ಗೊತ್ತು. ಗೊತ್ತಿದ್ದೂ ಮಾಡುತ್ತಾರೆ, ಬಿಲ್ಲು ತಮ್ಮ ಮನೆಗೆ ಬರುವುದಿಲ್ಲವೆಂದು. ದೊಡ್ಡ ಬಿರುಗಾಳಿಯೊಂದು ಬೀಸಿ ಸಿಟಿಜನ್ಸ್ ಸಂಸ್ಥೆಯ ಬೊಕ್ಕಸ ಬರಿದಾದರೆ, ಕೊರತೆಯನ್ನು ರಾಜ್ಯದ ಇತರ ವಿಮಾದಾರರ ಮೇಲೂ ಹೇರಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಸಮುದ್ರತೀರದಲ್ಲಿ ಮನೆಯಿರಲಿ, ಎಲ್ಲಿಯೂ ಮನೆಯೇ ಇಲ್ಲದೆ ಬಾಡಿಗೆ ಕೋಣೆಯಲ್ಲಿದ್ದು ಹಳೆಯ ಕಾರಿನಲ್ಲಿ ಕೆಲಸಕ್ಕೆ ಹೋಗುವವನೂ ಆ ಕಾರಿನ ವಿಮೆಯ ಜೊತೆಗೆ ಅದನ್ನು ಕಟ್ಟಬೇಕಾಗುತ್ತದೆ.